ಗೋಡೆಯ ಮೇಲಿನ ನಲವತ್ನಾಲ್ಕನೆಯ ಸುತ್ತಿಗೆ

ಕಂತು ಒಂಬತ್ತು

“ಇಷ್ಟೂ ಸುತ್ತಿಗೆಗಳೇನಾ?” ಎಂದು ಇನ್ಸ್‌ಪೆಕ್ಟರಮ್ಮ ಗೋಡೆಯ ಮುಂದೆ ನಿಂತು ಕೇಳಿದರು.

ಕನ್ನಡಕದವನು ಹೌದೆಂದು ತಲೆಯಾಡಿಸಿದ. ಬಾಯಿ ತೆರೆದರೆ ಬೇಡದ ಮಾತೇ ಮೊದಲು ಹೊರಬಿದ್ದೀತು ಎಂಬ ಭಯ ಅವನಿಗೆ.

“ಎಷ್ಟಿವೆ?”

“ನಲವತ್ಮೂರು,” ಎಂದ. ಗೋಡೆಯ ಮೇಲೆ ನಾಲ್ಕು ಸಾಲು, ಸಾಲಿಗೆ ಹನ್ನೊಂದು. ಮಗ್ಗಿ ಬರುವ ಯಾರು ಬೇಕಾದರೂ ನಿಂತಲ್ಲೇ ಹಿಡಿಯಬಹುದಾದ ಸುಳ್ಳು ಅದು.

ಕುಲುಮೆಯಜ್ಜ ತನ್ನ ಕುಲುಮೆಯಲ್ಲೇ ತಲೆಗೆ ಪೆಟ್ಟು ಬಿದ್ದು ಸತ್ತು ಅಂದಿಗೆ ಹದಿನೆಂಟು ದಿನ; ಅಜ್ಜನ ಅಳಿಯ ಜೈಲಿನಲ್ಲಿದ್ದ, ಕೊಂದ ಸುತ್ತಿಗೆ ಮಾತ್ರ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ ಎಂದರೆ ಪೊಲೀಸರಿಗೆ ಸಿಕ್ಕಿರಲಿಲ್ಲ. ಅದು ಮೂರನೆಯ ಸಾಲಿನಲ್ಲಿ, ಎಡಗಡೆಯಿಂದ ಎಂಟನೆಯ ಮೊಳೆಗೆ, ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಮದುಮಗನ ಹಾಗೆ ಹೊಳೆಯುತ್ತಾ ನೇತಾಡುತ್ತಿತ್ತು.

ಈ ಮನುಷ್ಯನ ವಿಷಯ ಎರಡು ಮಾತು ಹೇಳಲೇಬೇಕು. ಪೇಟೆಬೀದಿಯಲ್ಲಿ ಅವನದು ಕನ್ನಡಕದಂಗಡಿ. ವಾರದಲ್ಲಿ ಆರು ದಿನ ಊರಿನವರ ಕಣ್ಣು ನೇರ ಮಾಡುವ ಕಸುಬು, ಏಳನೆಯ ದಿನ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಕಬ್ಬಿಣ ಬಡಿಯುವ ಹುಚ್ಚು. ಲಾರಿಯ ಬ್ರೇಕ್ ಡ್ರಮ್ಮಿನಿಂದ ಮಾಡಿಕೊಂಡ ಪುಟ್ಟ ಕುಲುಮೆ, ಕಾದ ಕಬ್ಬಿಣ ಇಟ್ಟು ಬಡಿಯಲು ಮರದ ಕೊರಡಿನ ಮೇಲೆ ಕೂರಿಸಿದ ಅಡಿಗಲ್ಲು, ಕುಲುಮೆಗೆ ಗಾಳಿ ಊದಲು ಚರ್ಮದ ತಿದಿ. ಇವಕ್ಕಿಂತ ದೊಡ್ಡ ಹುಚ್ಚು ಹಳೆಯ ಸಾಮಾನಿನದು. ಹಳೆಯ ಇಕ್ಕಳ, ಹಳೆಯ ಉಳಿ, ಹಳೆಯ ಅರ, ಅದರಲ್ಲೂ ಹಳೆಯ ಸುತ್ತಿಗೆ ಕಂಡರೆ ಅವನ ಕಾಲು ಅಲ್ಲೇ ಕಟ್ಟಿಹಾಕಿದಂತಾಗುತ್ತಿತ್ತು. ಗುಜರಿಯವನು ನಮ್ಮ ಬೀದಿಗೆ ಬಂದರೆ ಕೊಳ್ಳೋಕೆ ಬಂದನೋ ಮಾರೋಕೆ ಬಂದನೋ ಅವನಿಗೇ ಗೊತ್ತಾಗಲ್ಲ ಎಂದು ಹೆಂಡತಿ ನೆಂಟರ ಮುಂದೆ ನಗೆಯಾಡುತ್ತಿದ್ದಳು.

ಇಂಥ ಹುಚ್ಚರಿಗೆಲ್ಲ ಒಂದು ನೇಮ ಇರುತ್ತದೆ. ಹಳೆಯ ಸಾಮಾನು ಮನೆ ಸೇರಿತೋ, ಮೊದಲು ಅದಕ್ಕೆ ಸ್ನಾನ. ಕಾವು, ಅಂದರೆ ಮರದ ಹಿಡಿ, ಬಿಚ್ಚಿ, ತಲೆಯನ್ನು ವಿನೆಗರಿನ ಬಕೆಟ್ಟಿನಲ್ಲಿ ಇಡೀ ರಾತ್ರಿ ನೆನೆಹಾಕಿ, ಬೆಳಿಗ್ಗೆ ತಂತಿಬ್ರಷ್ಷಿನಿಂದ ಉಜ್ಜಿ, ಮುಖವನ್ನು ಕಲ್ಲಿಗೆ ಹಿಡಿದು ಮಟ್ಟ ಮಾಡಿ, ಎಣ್ಣೆ ಹಚ್ಚಿ, ಹೊಸ ಕಾವು ಹಾಕಿದ ಮೇಲೇ ಗೋಡೆಗೆ ಏರಿಸುವುದು. ಬೇರೆ ಯಾರ ಕೈಗೆ ಸಿಕ್ಕಿದ್ದರೂ ಆ ಸುತ್ತಿಗೆ ಇದ್ದ ಹಾಗೇ ಇರುತ್ತಿತ್ತು. ಇವನ ಕೈಗೆ ಸಿಕ್ಕಿತು, ತೊಳೆದು ಚೊಕ್ಕವಾಯಿತು.

ಇನ್ಸ್‌ಪೆಕ್ಟರಮ್ಮ ಕೈಚೀಲದಿಂದ ಒಂದು ಫೋಟೋ ತೆಗೆದರು. ತೋಳು ಪೂರ್ತಿ ಚಾಚಿ, ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ನಲವತ್ತೈದು ದಾಟಿದೆ, ಒಂದೂವರೆ ನಂಬರಿನ ಗಾಜು ಬೇಕು, ಹಾಕಿಕೊಳ್ಳಲು ನಾಚಿಕೆ ಎಂದು ಕನ್ನಡಕದವನ ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕಿತು. ನೇಣುಗಂಬದ ಕೆಳಗೆ ನಿಲ್ಲಿಸಿದರೂ ಈ ಚಾಳಿ ಬಿಡುವುದಿಲ್ಲವೇನೋ ಎಂದು ತನ್ನ ಮೇಲೇ ಬೇಸರವಾಯಿತು.

ಫೋಟೋದಲ್ಲಿ ಅಜ್ಜನ ಕುಲುಮೆಯ ಗೋಡೆ ಇತ್ತು. ಅರವತ್ತು ವರ್ಷದ ಮಸಿ ಕುಳಿತ ಗೋಡೆ. ಸಾಲಾಗಿ ಸಾಮಾನು. ನಡುವೆ ಒಂದು ಕಡೆ ಸಾಮಾನಿಲ್ಲ, ಮಸಿಯೂ ಇಲ್ಲ. ಸುತ್ತಿಗೆಯ ಆಕಾರದ ಬಿಳಿ ಜಾಗ ಮಾತ್ರ.

“ಈ ಊರಲ್ಲಿ ಸುತ್ತಿಗೆ ವಿಷಯ ಕೇಳಿದ್ರೆ ಎಲ್ಲರೂ ನಿಮ್ಮನೇ ತೋರಿಸ್ತಾರೆ,” ಎಂದರು ಇನ್ಸ್‌ಪೆಕ್ಟರಮ್ಮ. “ಇಲ್ಲಿ ಯಾವ ತರದ್ದು ಇತ್ತು, ಎಷ್ಟು ತೂಕ, ಏನು ಗುರುತು ಅಂತ ನೀವು ಹೇಳಿದ್ರೆ ಉಪಕಾರ ಆಗುತ್ತೆ. ಕಾಲುವೆಯಲ್ಲಿ ಮೂರು ದಿನದಿಂದ ಹುಡುಕಿಸ್ತಿದ್ದೀನಿ.”

ಆ ಕಾಲುವೆಯ ಕಥೆ ಊರಿಗೆಲ್ಲ ಗೊತ್ತಿತ್ತು. ನಾಲ್ಕು ಜನ ಮುಳುಗುವವರು ಮೂರು ದಿನ ಕೆಸರು ಕಲಕಿ ಎರಡು ಸೈಕಲ್ಲು, ಒಂದು ಕುಕ್ಕರು, ಯಾರದೋ ಮನೆಯ ಗೇಟು ಮೇಲೆತ್ತಿದ್ದರು. ದಂಡೆಯ ಮೇಲೆ ಜನ ನಿಂತು ನೋಡುತ್ತಿದ್ದರು. ಎರಡನೆಯ ದಿನ ಕನ್ನಡಕದವನೂ ಹೋಗಿ ನಿಂತಿದ್ದ. ಚಳಿಗೆ ತುಟಿ ನೀಲಿಗಟ್ಟಿದ ಒಬ್ಬ ಮುಳುಗುವವನು ನೀರಿನಿಂದ ತಲೆಯೆತ್ತಿ ಇವನ ಕಡೆ ನೋಡಿ ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ಅನ್ನ ಇಳಿಯುತ್ತಿರಲಿಲ್ಲ.

“ಸುಮಾರು ಒಂದೂವರೆ ಕೇಜಿ,” ಎಂದ ಅವನು. ತನ್ನ ದನಿ ತನಗೇ ಬೇರೆಯವರದ್ದು ಅನ್ನಿಸಿತು. “ಒಂದು ಮುಖ ಗುಂಡಗೆ. ಇನ್ನೊಂದು ಕಡೆ ಅಡ್ಡಡ್ಡ ಬೆಣೆ ತರ. ಪಕ್ಕದಲ್ಲಿ ಮೂರು ಚುಕ್ಕೆ, ಒಂದು ಅರ್ಧಚಂದ್ರ. ಅಜ್ಜನ ಅಪ್ಪ ಹೊಡೆದ ಗುರುತು ಅದು.”

ಅವರು ಬರೆದುಕೊಂಡರು. ಆಮೇಲೆ ಗೋಡೆಯ ಹತ್ತಿರ ಹೋಗಿ ಒಂದೊಂದೇ ಸುತ್ತಿಗೆ ಮುಟ್ಟುತ್ತಾ ಬಂದರು. ಮೊದಲ ಸಾಲು. ಎರಡನೆಯ ಸಾಲು. ಕನ್ನಡಕದವನು ಕಷ್ಟಪಟ್ಟು ಕಣ್ಣನ್ನು ಕಿಟಕಿಯ ಕಡೆ ಹಿಡಿದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂತ ಕೂಡ ಅಂದಿರಲಿಲ್ಲ, ಆಗಲೇ ಇವನ ಹೆಗಲು ತುರಿಸುತ್ತಿತ್ತು.

ಮೂರನೆಯ ಸಾಲಿನ ಏಳನೆಯದನ್ನು ಅವರು ಕೈಗೆತ್ತಿಕೊಂಡು ಇದೇನು ಎಂದು ಕೇಳಿದರು. ಚರ್ಮ ತಟ್ಟುವುದು, ಚಪ್ಪಲಿ ಹೊಲಿಯುವವರದ್ದು ಎಂದ. ಅದನ್ನು ಮೊಳೆಗೆ ಸಿಕ್ಕಿಸಿ, ಎಂಟನೆಯದರ ಮೇಲೆ ಬೆರಳಾಡಿಸಿದರು. ಚುಕ್ಕೆ, ಚಂದ್ರ ಗೋಡೆಯ ಕಡೆ ತಿರುಗಿದ್ದವು.

“ಎಷ್ಟು ಚೊಕ್ಕವಾಗಿ ಇಟ್ಟಿದ್ದೀರಿ. ನಮ್ಮನೆ ಚಮಚ ಕೂಡ ಹೀಗಿರಲ್ಲ,” ಎಂದು ಒಂಬತ್ತನೆಯದಕ್ಕೆ ಹೋದರು.

ಅಲ್ಲಿಗೆ ಮುಗಿದಿತ್ತು. ಅವರು ಪುಸ್ತಕ ಮುಚ್ಚಿ ಉಪಕಾರವಾಯಿತು ಎಂದು ಬಾಗಿಲಿಗೆ ನಡೆದರು. ಕನ್ನಡಕದವನ ಉಸಿರು ಸಡಿಲಾಯಿತು. ಹೊಸ್ತಿಲ ಬಳಿ ಅವರು ಏನೋ ನೆನಪಾದವರ ಹಾಗೆ ನಿಂತು, ಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದರು.

“ಮರೆತಿದ್ದೆ. ಇದು ಅಳಿಯನ ಕನ್ನಡಕ. ಒಂದು ಕಡ್ಡಿ ಕಳಚಿದೆ, ಜೈಲಲ್ಲಿ ದಾರ ಕಟ್ಟಿಕೊಂಡಿದ್ದ. ಅವನ ಹೆಂಡತಿ ಕೊಟ್ಟು ಕಳಿಸಿದ್ದಾಳೆ. ನಿಮ್ಮ ಹತ್ರ ಬಿಟ್ಟು ಬೇರೆ ಕಡೆ ಕೊಡಬೇಡಿ ಅಂದಳು. ನೀವು ಅಪ್ಪನಿಗೆ ಮಗನ ಹಾಗಿದ್ರಂತೆ.”

ಕನ್ನಡಕದವನು ಗಂಟು ಬಿಚ್ಚಿದ. ಅವನೇ ಮಾಡಿಕೊಟ್ಟ ಕನ್ನಡಕ. ಎಡಗಡೆಯ ಗಾಜಿನ ತುಂಬ ಕಂದು ಚುಕ್ಕೆ. ಕಾದ ಕಬ್ಬಿಣದ ಕಿಡಿ ಹಾರಿ ಗಾಜಿಗೆ ಕಚ್ಚಿಕೊಂಡದ್ದು. ಬದಲಾಯಿಸಿಕೊಡುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದ. ಕಮ್ಮಾರನ ಕನ್ನಡಕ ಅಂದ ಮೇಲೆ ಸಿಡುಬು ಇರಬೇಕು ಸಾರ್ ಎಂದು ಆ ಹುಡುಗ ನಗುತ್ತಿದ್ದ.

ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರು, ಸ್ಕ್ರೂಗಳ ಡಬ್ಬಿ ತೆಗೆದ. ಇಪ್ಪತ್ತಾರು ವರ್ಷದಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿಯೂ ಮಾಡಬಲ್ಲ. ಸ್ಕ್ರೂ ತೂತಿನ ಬಳಿ ಹೋಗಿ ಜಾರಿತು. ಇನ್ನೊಂದು ತೆಗೆದ. ಅದೂ ನೆಲಕ್ಕೆ ಬಿತ್ತು. ಮೂರನೆಯದನ್ನು ಡಬ್ಬಿಗೇ ಹಾಕಿ ಮುಚ್ಚಿಟ್ಟ.

ಇನ್ಸ್‌ಪೆಕ್ಟರಮ್ಮ ನೆಲದ ಮೇಲಿನ ಸ್ಕ್ರೂ ಹೆಕ್ಕಿ ಬೆಂಚಿನ ಮೇಲಿಟ್ಟರು.

“ಮೇಡಂ, ಕಾಲುವೆಯವರನ್ನ ಮೇಲೆ ಬರೋಕೆ ಹೇಳಿ,” ಎಂದ ಕನ್ನಡಕದವನು. “ಅದು ಇಲ್ಲೇ ಇದೆ.”

ಗೋಡೆಯ ಬಳಿ ಹೋಗಿ ಎಂಟನೆಯ ಮೊಳೆಯಿಂದ ಸುತ್ತಿಗೆ ಇಳಿಸಿ, ಚಂದ್ರ ಮೇಲೆ ಬರುವಂತೆ ಅಡಿಗಲ್ಲಿನ ಮೇಲೆ ಇಟ್ಟ. ಇಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತ.

ಇನ್ಸ್‌ಪೆಕ್ಟರಮ್ಮ ಬಾಗಿಲನ್ನು ಒಳಗಿನಿಂದ ಮುಂದೆ ಮಾಡಿದರು. “ನಾಲ್ಕು ಹನ್ನೊಂದಲ ನಲವತ್ನಾಲ್ಕು. ಬಂದ ಕೂಡಲೇ ಎಣಿಸಿದ್ದೆ,” ಎಂದರು. “ಯಾವುದು ಅಂತ ಗೊತ್ತಾಗಲಿಲ್ಲ, ಅಷ್ಟೇ. ಈಗ ಹೇಳಿ. ಬಿಡಿಸಿ ಹೇಳಿ.”

ಅವನು ಬಿಡಿಸಿ ಹೇಳಿದ.

ಆ ಸುತ್ತಿಗೆಯ ಮೇಲೆ ಅವನಿಗೆ ಆರು ವರ್ಷದಿಂದ ಕಣ್ಣು. ಅಜ್ಜನ ಹತ್ತಿರ ಕೆಲಸ ಕಲಿಯಲು ಹೋದ ಮೊದಲ ದಿನವೇ ಅದನ್ನು ಕೈಯಲ್ಲಿ ಹಿಡಿದಿದ್ದ. ಅಂಥ ತೂಕದ ಹದ ಅವನು ಬೇರೆಲ್ಲೂ ಕಂಡಿರಲಿಲ್ಲ. ಎತ್ತಿದರೆ ತಾನೇ ಬೀಳುವ ಜಾಗ ಹುಡುಕಿಕೊಳ್ಳುತ್ತಿತ್ತು. ಕೊಡಿ ಎಂದು ಕೇಳಿದ. ಬದಲಿಗೆ ಮೂರು ಕೊಡುತ್ತೇನೆ ಎಂದ. ನೀನು ಆಸೆ ಬಿಡಲ್ಲ, ನಾನು ಕೈ ಬಿಡಲ್ಲ, ನಾನು ಹೋದ ಮೇಲೆ ತಗೊಂಡು ಹೋಗು ಎಂದು ಅಜ್ಜ ನಕ್ಕುಬಿಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಆರೂವರೆಗೆ ಅಂಗಡಿ ತೆರೆಯುವ ಮುಂಚೆ ಎಂದಿನಂತೆ ಕುಲುಮೆಯ ಕಡೆ ಹೋದ. ಬಾಗಿಲು ಅರ್ಧ ಮುಂದಾಗಿತ್ತು. ಸುತ್ತಿಗೆ ಹೊರಗೆ, ಕಿಟಕಿಯ ಕಟ್ಟೆಯ ಮೇಲೆ ಕುಳಿತಿತ್ತು. ಅಜ್ಜ ಅದನ್ನು ಎಂದೂ ಹೊರಗೆ ಬಿಟ್ಟವರಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ. ಕೈ ಮುಂದೆ ಹೋಯಿತು. ಸುತ್ತಿಗೆ ಚೀಲದೊಳಗೆ ಹೋಯಿತು. ಅಜ್ಜನ ಮುಖ ನೋಡದೆ, ಕೂಗಿ ಕರೆಯದೆ, ಬಂದ ದಾರಿಯಲ್ಲೇ ತಿರುಗಿ ನಡೆದುಬಿಟ್ಟ.

ಕದ್ದ. ಬೇರೆ ಮಾತೇ ಇಲ್ಲ, ಕದ್ದ. ಊರಿನಲ್ಲಿ ಇಪ್ಪತ್ತಾರು ವರ್ಷ ತಲೆಯೆತ್ತಿ ಬದುಕಿದವನು, ಯಾರಾದರೂ ಅಂಗಡಿಯಲ್ಲಿ ಕೊಡೆ ಮರೆತು ಹೋದರೆ ಮನೆ ಹುಡುಕಿ ತಲುಪಿಸುವವನು, ಗುರುವಿನ ಕಿಟಕಿಯಿಂದ ಸುತ್ತಿಗೆ ಕದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಸುತ್ತಿಗೆಯ ಒಂದು ಬದಿ ಅಂಟಂಟಾಗಿತ್ತು. ಗ್ರೀಸ್ ಎಂದುಕೊಂಡ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಅಂಗಡಿಗೆ ಹೋಗುವ ಮೊದಲು ಶೆಡ್ಡಿಗೆ ಬಂದು, ಕಾವು ಬಿಚ್ಚಿ, ತಲೆಯನ್ನು ವಿನೆಗರಿನಲ್ಲಿ ಮುಳುಗಿಸಿ ಹೋದ. ಸಂಜೆ ಮನೆಗೆ ಬಂದಾಗ ಸುದ್ದಿ ಹೇಳಿದ್ದು ಅದೇ ಮನೆಯಲ್ಲಿದ್ದ ಭಾವಮೈದ, ಹೆಂಡತಿಯ ತಮ್ಮ. ಅಜ್ಜ ಹೋದರಂತೆ ಭಾವ, ಯಾರೋ ಹೊಡೆದಿದ್ದಾರಂತೆ ಎಂದ. ಆಮೇಲೆ ಬಕೆಟ್ಟಿನೊಳಗೆ ಇಣುಕಿ, ಇವತ್ತು ಹೊಸದೇನು ಬಂತು ಎಂದು ಕೇಳಿದ. ಗುಜರಿಯವನು ಕೊಟ್ಟ ಎಂದು ಕನ್ನಡಕದವನ ಬಾಯಿಂದ ಸುಳ್ಳು ತಾನಾಗಿ ಬಂತು. ಭಾವಮೈದ ಸ್ವಲ್ಪ ಹೊತ್ತು ಬಕೆಟ್ಟನ್ನೇ ನೋಡಿ, ಧೂಳು ಬೀಳಬಾರದೆಂದು ಅದರ ಮೇಲೆ ತಟ್ಟೆ ಮುಚ್ಚಿ ಹೋದ.

“ಅವತ್ತೇ ಬಂದು ಹೇಳಬಹುದಿತ್ತು,” ಎಂದರು ಇನ್ಸ್‌ಪೆಕ್ಟರಮ್ಮ.

“ಬಹುದಿತ್ತು.”

“ಮಾರನೇ ದಿನ ಅಳಿಯನ್ನ ಹಿಡಿದಾಗ?”

“ಆಗಲೂ ಹೇಳಬಹುದಿತ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ತಳ್ಳಿದೆ. ಅಷ್ಟರಲ್ಲಿ ಅದನ್ನ ಉಜ್ಜಿ, ಮುಖ ಮಟ್ಟ ಮಾಡಿ ಆಗಿತ್ತು. ಇನ್ನು ಹೇಳಿದ್ರೆ ಯಾರು ನಂಬ್ತಾರೆ ಅನ್ನಿಸ್ತು.”

ಇನ್ಸ್‌ಪೆಕ್ಟರಮ್ಮನಿಗೆ ಸಿಟ್ಟು ಬಂದಿತ್ತು. ದನಿ ಮಾತ್ರ ಏರಲಿಲ್ಲ. ಅಳಿಯನನ್ನು ಯಾಕೆ ಹಿಡಿದೆವು ಗೊತ್ತೇ ಎಂದು ಕೇಳಿ ತಾವೇ ಉತ್ತರ ಹೇಳಿದರು. ಹಿಂದಿನ ಸಂಜೆ ಕುಲುಮೆ ಮುಚ್ಚುವ ವಿಷಯಕ್ಕೆ ಮಾವ ಅಳಿಯನಿಗೆ ಜಗಳವಾಗಿತ್ತು, ಅದು ಸರಿ. ಬೆಳಿಗ್ಗೆ ಇದ್ದಿಲು ತರಲು ಹೋಗಿದ್ದೆ ಎಂದದ್ದಕ್ಕೆ ಸಾಕ್ಷಿ ಇರಲಿಲ್ಲ, ಅದೂ ಸರಿ. ಆದರೆ ದೊಡ್ಡ ಕಾರಣ ಸುತ್ತಿಗೆ ಕಾಣೆಯಾದದ್ದು. ಹೊರಗಿನವನು ಕೈಗೆ ಸಿಕ್ಕಿದ್ದರಿಂದ ಹೊಡೆದು ಅಲ್ಲೇ ಬಿಸಾಕಿ ಓಡುತ್ತಾನೆ. ಹೊಡೆದು, ಸುತ್ತಿಗೆ ಬಚ್ಚಿಟ್ಟು, ಏನೂ ತಿಳಿಯದವನ ಹಾಗೆ ಕೂಗಿಕೊಳ್ಳುವವನು ಮನೆಯವನೇ.

ಅಂದರೆ ಆ ಹುಡುಗನನ್ನು ಜೈಲಿಗೆ ಹಾಕಿದ್ದು ಪೊಲೀಸರಲ್ಲ. ಕನ್ನಡಕದವನಿಗೆ ಈ ಮಾತು ಹದಿನೇಳು ದಿನದಿಂದ ಗೊತ್ತಿತ್ತು, ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಈಗಲೇ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

“ಹಳೇ ಕಾವು ಎಲ್ಲಿ? ಒಲೆಗೆ ಹಾಕಿದ್ರಾ?”

“ಇಲ್ಲ ಮೇಡಂ. ಹಳೇ ಕಾವನ್ನ ನಾವು ಯಾರೂ ಸುಡಲ್ಲ.”

ಅವನು ಬೆಂಚಿನ ಕೆಳಗಿನಿಂದ ಎಣ್ಣೆಬಟ್ಟೆಯ ಸುರುಳಿ ತೆಗೆದು ಬಿಚ್ಚಿದ. ಮೊಳದಷ್ಟು ಉದ್ದದ ಕಪ್ಪು ಮರ. ನಲವತ್ತು ವರ್ಷ ಹಿಡಿದು ಹಿಡಿದು ಅಜ್ಜನ ಹೆಬ್ಬೆರಳು ಅದರಲ್ಲಿ ಒಂದು ಗುಳಿ ಮಾಡಿತ್ತು. ಹೊಸ ಕಾವು ಕೆತ್ತುವಾಗ ಆ ಗುಳಿಯ ಅಳತೆ ಬೇಕಾಗುತ್ತದೆ ಎಂದು ಉಳಿಸಿಕೊಂಡಿದ್ದ. ಅಳತೆ ನೋಡಲು ತನ್ನ ಹೆಬ್ಬೆರಳನ್ನು ಅದರಲ್ಲಿ ಒಮ್ಮೆ ಇಟ್ಟಿದ್ದ, ಸರಿಯಾಗಿ ಕೂತಿತ್ತು. ಆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಸುತ್ತಿಗೆಯ ತಲೆಯೊಳಗೆ ಸಿಕ್ಕಿದ್ದ ತುದಿಯಲ್ಲಿ, ಬೆಣೆ ಹೊಡೆದ ಬಿರುಕಿನೊಳಗೆ, ವಿನೆಗರ್ ಮುಟ್ಟದ ಒಂದು ಕಪ್ಪು ಗೆರೆ ಹೆಪ್ಪುಗಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಕೊನೆಗೆ ಅಳಿಯನ ಮುರಿದ ಕನ್ನಡಕವನ್ನೇ ಭೂತಗನ್ನಡಿಯ ಹಾಗೆ ಹಿಡಿದು ನೋಡಿದರು. ಲ್ಯಾಬಿನವರಿಗೆ ಇಷ್ಟು ಸಾಕಾಗುತ್ತದೆ ಎಂದರು. ಅವರ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು.

“ಒಳಗೆ ಇಣುಕಲೇ ಇಲ್ವಾ ನೀವು?”

“ಇಲ್ಲ. ಅಜ್ಜ ಒಳಗೇ ಇದ್ದಾರೆ ಅಂದುಕೊಂಡೆ. ತಿದಿ ಸದ್ದು ಕೇಳ್ತಿತ್ತಲ್ಲ.”

ಬರೆಯುತ್ತಿದ್ದ ಪೆನ್ನು ನಿಂತಿತು.

“ಏನು ಸದ್ದು?”

“ತಿದಿ ಮೇಡಂ. ಕುಲುಮೆಗೆ ಗಾಳಿ ಊದೋದು. ಯಾರೋ ಎಳೀತಿದ್ರು.”

ಇನ್ಸ್‌ಪೆಕ್ಟರಮ್ಮ ಸ್ಟೂಲೊಂದನ್ನು ಎಳೆದುಕೊಂಡು ಅವನ ಎದುರೇ ಕೂತರು. ಅಜ್ಜನಿಗೆ ಪೆಟ್ಟು ಬಿದ್ದದ್ದು ಆರು ಗಂಟೆಯ ಆಸುಪಾಸು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬಿದ್ದ ಮೇಲೆ ಅರ್ಧ ಮುಕ್ಕಾಲು ಗಂಟೆ ಜೀವ ಇದ್ದಿರಬೇಕು. ಹಾಗಿದ್ದ ಮೇಲೆ ಆರೂವರೆಗೆ ಅಜ್ಜ ತಿದಿ ಎಳೆದಿರಲು ಸಾಧ್ಯವಿಲ್ಲ.

“ಕುಲುಮೆ ಬೂದಿಯಲ್ಲಿ ನಾಲ್ಕು ಲೋಹದ ಗುಂಡಿ ಸಿಕ್ಕಿವೆ,” ಎಂದರು. “ಅಂಗಿ ಸುಟ್ಟಿದ್ದಾರೆ. ಈ ವಿಷಯ ಸ್ಟೇಷನ್ನಲ್ಲಿ ಮೂರು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನ ನಂಬ್ತಿದ್ದೀನಿ. ನೀವು ಕಿಟಕಿ ಹತ್ರ ನಿಂತಾಗ ಕೊಂದವನು ಒಳಗಿದ್ದ. ಹೋಗೋವಾಗ ತಗೊಂಡು ಹೋಗೋಣ ಅಂತ ಸುತ್ತಿಗೆ ಹೊರಗಿಟ್ಟಿದ್ದ. ಬಂದು ನೋಡಿದ್ರೆ ಇಲ್ಲ.”

ಕನ್ನಡಕದವನಿಗೆ ಬೇರೆ ಏನೂ ಕೇಳಿಸಲಿಲ್ಲ. ಅರ್ಧ ಮುಕ್ಕಾಲು ಗಂಟೆ ಎಂಬುದು ಮಾತ್ರ ಕಿವಿಯಲ್ಲಿ ಉಳಿಯಿತು. ಗೋಡೆಯ ಆಚೆ ಅಜ್ಜ ಬಿದ್ದಿದ್ದರು, ಉಸಿರಾಡುತ್ತಿದ್ದರು. ಈಚೆ ಇವನು ಚೀಲದ ಬಾಯಿ ಬಿಗಿಯುತ್ತಿದ್ದ.

“ನಾನು ಇಣುಕಿದ್ದಿದ್ರೆ…”

“ನೀವು ಇಣುಕಿದ್ದಿದ್ರೆ ಅವರು ಬದುಕ್ತಿದ್ರೋ, ನೀವೂ ಸಾಯ್ತಿದ್ರೋ ನನಗೆ ಗೊತ್ತಿಲ್ಲ. ಅದನ್ನ ಆಮೇಲೆ ಯೋಚನೆ ಮಾಡಿ. ನಾಳೆ ಕೋರ್ಟಿಗೆ ಚಾರ್ಜ್‌ಶೀಟ್ ಹೋಗುತ್ತೆ. ತಿದಿ ಎಳೀತಿದ್ದವನು ಅಳಿಯನೇ ಯಾಕಾಗಿರಬಾರದು ಅಂತ ಮೇಲಿನವರು ಕೇಳ್ತಾರೆ. ಏನು ಹೇಳಲಿ?”

“ಅಳಿಯ ಅಲ್ಲ.”

“ನೋಡಲಿಲ್ಲ ಅಂದ್ರಲ್ಲ.”

“ನೋಡಬೇಕಾಗಿಲ್ಲ ಮೇಡಂ. ಒಬ್ಬೊಬ್ಬರು ತಿದಿ ಎಳೆಯೋದು ಒಂದೊಂದು ತರ ಇರುತ್ತೆ, ನಡಿಗೆ ಇದ್ದ ಹಾಗೆ. ಅಳಿಯ ಎಳೆದ್ರೆ ಗೋಡೆ ಗಡಿಯಾರ. ಒಂದೇ ಸಮ. ಅಜ್ಜ ಎರಡು ಎಳೆದು ಬೀಡಿ ಸೇದೋರು. ಅವತ್ತಿನದು ಇಬ್ಬರದ್ದೂ ಅಲ್ಲ.”

“ಮತ್ತೆ ಹೇಗಿತ್ತು?”

ಬಾಯಲ್ಲಿ ಹೇಳಲು ಬರಲಿಲ್ಲ. ಎಳೆದು ತೋರಿಸಿ ಎಂದು ಅವರೇ ಅವನ ತಿದಿಯ ಕಡೆ ಕೈ ಮಾಡಿದರು. ಅದು ಅಜ್ಜನ ತಿದಿಯ ಅಳತೆಗೇ ಮಾಡಿಸಿದ್ದು. ತಲೆಯ ಮೇಲೊಂದು ಅಡ್ಡಕೋಲು, ಕೋಲಿನ ತುದಿಗೆ ಸರಪಳಿ, ಸರಪಳಿ ಎಳೆದರೆ ಗಾಳಿ. ಕನ್ನಡಕದವನು ಕಣ್ಣು ಮುಚ್ಚಿ ಆ ಬೆಳಿಗ್ಗೆಗೆ ಹೋಗಿ ನಿಂತ. ಕಿಟಕಿ, ಕಟ್ಟೆ, ಸುತ್ತಿಗೆ. ಒಳಗಿನಿಂದ ಸದ್ದು. ಉದ್ದನೆಯದೊಂದು, ಉದ್ದನೆಯದು ಇನ್ನೊಂದು, ಮೂರನೆಯದು ಅರ್ಧಕ್ಕೆ ಸಿಕ್ಕಿಕೊಂಡು ನಿಲ್ಲುವುದು. ಒಂದು ಗಳಿಗೆ ಬಿಟ್ಟು ಮತ್ತೆ ಮೊದಲಿನಿಂದ.

ಸರಪಳಿ ಹಿಡಿದು ಎಳೆದ. ಅವನ ಕೈಯಲ್ಲಿ ಮೂರೂ ಉದ್ದವೇ ಬಂತು. ಮತ್ತೆ ಎಳೆದ. ಬರಲಿಲ್ಲ. ಮೂ‌ರನೆಯ ಎಳೆತ ಅರ್ಧಕ್ಕೆ ನಿಲ್ಲಬೇಕಾದರೆ ಏನು ಮಾಡಬೇಕು ಎಂದು ಮೈಗೇ ಬಿಟ್ಟು ನೋಡಿದ. ಬಲಗೈ ಪೂರ್ತಿ ಮೇಲೆ ಹೋಗಬಾರದು. ಭುಜ ಕಿವಿಯ ತನಕ ಏರಿ, ನೋವಿಗೆ ತಟಕ್ಕನೆ ಕೆಳಗೆ ಬರಬೇಕು. ಹಾಗೆ ಮಾಡಿದ.

ಒಂದು. ಎರಡು. ಮೂರನೆಯದು ಸಿಕ್ಕಿಕೊಂಡು ನಿಂತಿತು.

ಅದೇ ಸದ್ದು. ತನ್ನ ಭುಜ ಎಲ್ಲಿ ನಿಂತಿದೆ ಎಂದು ಕನ್ನಡಕದವನಿಗೆ ಆಗ ತಿಳಿಯಿತು. ಆ ಭುಜ ಅವನಿಗೆ ಪರಿಚಯದ್ದು. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದ ಭುಜ. ಆಸ್ಪತ್ರೆಗೆ ಎತ್ತಿಕೊಂಡು ಹೋದವನು ಇವನೇ. ಅಂದಿನಿಂದ ಪ್ರತಿ ಭಾನುವಾರ ಈ ಶೆಡ್ಡಿನಲ್ಲೇ, ಈ ಸರಪಳಿಯನ್ನೇ ಅದು ಹೀಗೇ ಎಳೆಯುತ್ತಿತ್ತು.

ಆ ಬೆಳಿಗ್ಗೆ ಯಾಕೆ ಹೊಳೆಯಲಿಲ್ಲ ಎಂದು ಕೇಳಿದರೆ ಉತ್ತರವೂ ಸುಲಭ. ಮನೆಯ ಗಡಿಯಾರದ ಸದ್ದು ಮನೆಯವರಿಗೆ ಕೇಳಿಸುವುದಿಲ್ಲ. ಕದಿಯುವವನ ಕಿವಿಯಂತೂ ತನ್ನ ಬೆನ್ನ ಹಿಂದೆಯೇ ಇರುತ್ತದೆ.

ಮದುವೆಯಾಗಿ ಬಂದಾಗ ಹೆಂಡತಿಯ ಬೆರಳು ಹಿಡಿದುಕೊಂಡು ಹಿಂದೆಯೇ ಬಂದಿದ್ದ ಒಂಬತ್ತು ವರ್ಷದ ತಮ್ಮ. ಅಪ್ಪ ಅಮ್ಮ ಇಲ್ಲ, ನಮ್ಮನ್ನು ಬಿಟ್ಟರೆ ಇವನಿಗೆ ಯಾರಿದ್ದಾರೆ ಎಂದಿದ್ದಳು. ಇವನಿಗೆ ಸ್ವಂತ ಮಕ್ಕಳಾಗಲಿಲ್ಲ. ಆ ಹುಡುಗನನ್ನೇ ಸೈಕಲ್ಲಿನ ಮೇಲೆ ಕೂರಿಸಿ ಶಾಲೆಗೆ ಬಿಟ್ಟ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡ, ಮಹಡಿಯ ಮೇಲೆ ಅವನಿಗೊಂದು ಕೋಣೆ ಕಟ್ಟಿಸಿದ. ಅಜ್ಜನ ಕುಲುಮೆಗೆ ಅವನನ್ನು ಮೊದಲು ಕರೆದುಕೊಂಡು ಹೋದವನೂ ಇವನೇ. ಅಜ್ಜನಿಗೂ ಭಾವಮೈದನಿಗೂ ಏನು ವೈರ? ಕನ್ನಡಕದವನಿಗೆ ತಲೆ ಓಡಲಿಲ್ಲ. ಬಕೆಟ್ಟಿನ ಮೇಲೆ ತಟ್ಟೆ ಮುಚ್ಚಿದ ಕೈ ಮಾತ್ರ ಕಣ್ಣ ಮುಂದೆ ಬಂತು. ಹದಿನೆಂಟು ದಿನದಿಂದ ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಒಬ್ಬರ ಸುಳ್ಳನ್ನು ಒಬ್ಬರು ಕಾಯುತ್ತಿದ್ದರು. ಅದು ಗೊತ್ತಿದ್ದದ್ದು ಭಾವಮೈದನೊಬ್ಬನಿಗೆ.

“ಇದೇನಾ ಸದ್ದು?” ಇನ್ಸ್‌ಪೆಕ್ಟರಮ್ಮ ಎದ್ದು ನಿಂತಿದ್ದರು. “ಎರಡು ಉದ್ದ, ಒಂದು ಗಿಡ್ಡ?”

“ಹ್ಞೂಂ.”

“ನಿಮ್ಮ ಮುಖ ನೋಡಿದ್ರೆ ಯಾರದ್ದು ಅಂತ ಗೊತ್ತಿರೋ ಹಾಗಿದೆ. ಹೇಳಿ. ಈಗ ಹೇಳಿದ್ರೆ ನಾಳೆ ಅಳಿಯ ಮನೆಗೆ ಬರ್ತಾನೆ.”

ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಬಳೆಯ ಸದ್ದು, ಲೋಟಗಳ ಸದ್ದು ಬಂತು. ಇನ್ಸ್‌ಪೆಕ್ಟರಮ್ಮ ತಟ್ಟನೆ ತಮ್ಮ ಟೋಪಿ ತೆಗೆದು ಸುತ್ತಿಗೆಯ ಮೇಲಿಟ್ಟು, ಕಾವನ್ನು ಚೀಲಕ್ಕೆ ಸೇರಿಸಿದರು. ಹೆಂಡತಿ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಚಹಾದ ತಟ್ಟೆಯೊಂದಿಗೆ ಒಳಗೆ ಬಂದಳು. ಅವಳ ಮುಖದಲ್ಲಿ ಭಾನುವಾರದ ನೆಮ್ಮದಿ ಇತ್ತು. ಸಕ್ಕರೆ ಸಾಕಾ ನೋಡಿ ಎಂದು ಇನ್ಸ್‌ಪೆಕ್ಟರಮ್ಮನಿಗೆ ಹೇಳಿದಳು. ಗಂಡನ ಕೈಗೆ ಲೋಟ ಕೊಡುವಾಗ, ಯಾಕ್ರೀ ಬೆವರಿದ್ದೀರಿ ಎಂದು ಸೆರಗಿನ ತುದಿಯಿಂದ ಅವನ ಹಣೆ ಒರೆಸಿದಳು.

ಇಪ್ಪತ್ತೈದು ವರ್ಷದಲ್ಲಿ ಅವಳು ಅವನಿಂದ ಏನನ್ನೂ ಕೇಳಿರಲಿಲ್ಲ, ತಮ್ಮನನ್ನು ನೋಡಿಕೊಳ್ಳಿ ಎಂಬುದೊಂದನ್ನು ಬಿಟ್ಟು.

“ಹೇಳಿ ಸಾರ್,” ಎಂದರು ಇನ್ಸ್‌ಪೆಕ್ಟರಮ್ಮ, ಚಹಾ ಮುಟ್ಟದೆ. “ಯಾರದ್ದು?”

ಬೆಂಚಿನ ಮೇಲೆ ಅಳಿಯನ ಕನ್ನಡಕ ಕಡ್ಡಿ ಇಲ್ಲದೆ ಬಿದ್ದಿತ್ತು. ಕನ್ನಡಕದವನು ಅದನ್ನು ನೋಡಿದ. ಹೆಂಡತಿಯನ್ನು ನೋಡಿದ. ಒಂದು ತಪ್ಪು ಒಪ್ಪಿಕೊಂಡು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಎದೆ ಹಗುರಾದದ್ದು ಅಷ್ಟೇ ಹೊತ್ತು.

“ಗೊತ್ತಿಲ್ಲ ಮೇಡಂ,” ಎಂದ. “ಯಾರದ್ದು ಅಂತ ಗೊತ್ತಾಗಲಿಲ್ಲ.”

ಇನ್ಸ್‌ಪೆಕ್ಟರಮ್ಮ ತಲೆಬಗ್ಗಿಸಿ ಅದನ್ನೇ ಬರೆದುಕೊಳ್ಳತೊಡಗಿದರು.

ಹೆಂಡತಿಯ ಹಿಂದೆಯೇ ಭಾವಮೈದ ಒಳಗೆ ಬಂದ. ಆಗಷ್ಟೇ ಎದ್ದವನು, ಕೂದಲು ಕೆದರಿತ್ತು. ಮೇಡಂಗೆ ನಮಸ್ಕಾರ ಹೇಳಿದ. ಭಾವ ಭಾನುವಾರ ಕುಲುಮೆ ಹಚ್ಚದೆ ಇರೋದುಂಟಾ, ಮಾತಾಡ್ತಿರಿ, ಅಷ್ಟರಲ್ಲಿ ನಾನು ಕೆಂಡ ಮಾಡ್ತೀನಿ ಎಂದು ನಗುತ್ತಾ ಮೂಲೆಗೆ ನಡೆದು ಬೆಂಕಿಕಡ್ಡಿ ಗೀರಿದ. ಬೇಡ ಎನ್ನಲು ಕನ್ನಡಕದವನು ಬಾಯಿ ತೆರೆದ. ಅಷ್ಟರಲ್ಲಿ ಇದ್ದಿಲು ಹೊತ್ತಿತ್ತು.

ಭಾವಮೈದ ಸರಪಳಿಗೆ ಕೈ ಹಾಕಿದ.

ಉದ್ದನೆಯದೊಂದು. ಉದ್ದನೆಯದು ಇನ್ನೊಂದು. ಮೂರನೆಯದು ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತು.

ಇನ್ಸ್‌ಪೆಕ್ಟರಮ್ಮನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಅವರು ತಿದಿಯ ಕಡೆ ತಿರುಗಲಿಲ್ಲ. ತಲೆಯೆತ್ತಿ ಕನ್ನಡಕದವನ ಮುಖವನ್ನೇ ನೋಡಿದರು.